ಹಾಲುಕ್ಕಿಸದ ಕಟ್ಟಡ

ಸಂಘಕ್ಕೆ ಇಪ್ಪತ್ತೈದು ತುಂಬಿತಂತೆ, ಬೆಳ್ಳಿಹಬ್ಬವಂತೆ, ಸ್ಮರಣ ಸಂಚಿಕೆಯಂತೆ, ಅದಕ್ಕೊಂದು ಇತಿಹಾಸ ಬೇಕಂತೆ. ಬರೆಯುವವರು ಯಾರು? ಕಾರ್ಯದರ್ಶಿ ವನಮಾಲಮ್ಮ. ಸಭೆಗೆ ಕುರ್ಚಿ ಜೋಡಿಸುವವಳು ವನಮಾಲಮ್ಮ, ಕಾಫಿಗೆ ಹೇಳುವವಳು ವನಮಾಲಮ್ಮ, ಜಗಳ ಬಿಡಿಸುವವಳು ವನಮಾಲಮ್ಮ, ಎಲ್ಲರೂ ಎದ್ದು ಹೋದ ಮೇಲೆ ಕಸ ಗುಡಿಸುವವಳೂ ವನಮಾಲಮ್ಮ. ಈಗ ಇತಿಹಾಸವೂ ಅವಳ ತಲೆಗೇ. ಅಂದರೆ ನನ್ನ ತಲೆಗೇ.

"ಎರಡು ಪುಟ ಸಾಕು ಕಣಮ್ಮ," ಅಂದರು ಅಧ್ಯಕ್ಷ ಪಂಚಾಕ್ಷರಯ್ಯನವರು. ಆರಡಿ ಮೀರಿದ ಆಳು, ಅದರ ಮೇಲೆ ಒಂದು ಕರಿಯ ಟೋಪಿ. ಆ ಟೋಪಿಯನ್ನು ಅವರು ತೆಗೆದದ್ದನ್ನು ನಾನಂತೂ ಅಲ್ಲಿಯವರೆಗೆ ನೋಡಿರಲಿಲ್ಲ. "ಓದೋರಿಗೆ ಹೆಮ್ಮೆ ಅನ್ನಿಸ್ಬೇಕು. ಜಗಳಗಿಗಳ ಎಲ್ಲಾ ಬೇಡ."

"ಜಗಳ ಬಿಟ್ರೆ ಇನ್ನೇನು ಸಾರ್ ಉಳಿಯುತ್ತೆ? ಬೋರ್ಡು ಒಂದು ಉಳಿಯುತ್ತೆ."

"ಅದನ್ನೇ ಬರೀರಿ."

ಬರೆಯೋಣವೆಂದರೆ ಬೋರ್ಡಿನದೂ ಜಗಳವೇ. ಮೊದಲು 'ಮನೆ ದಲ್ಲಾಳಿಗಳ ಸಂಘ' ಎಂದಿತ್ತು. ದಲ್ಲಾಳಿ ಎಂದರೆ ದನದ ಸಂತೆ ಜ್ಞಾಪಕಕ್ಕೆ ಬರುತ್ತದೆ ಎಂದು ಯಾರೋ ಮೂಗು ಮುರಿದರು. 'ಮಧ್ಯವರ್ತಿಗಳ ಸಂಘ' ಆಯಿತು. ಮಧ್ಯವರ್ತಿ ಎಂದರೆ ಗಂಡ ಹೆಂಡತಿ ನಡುವೆ ಪಂಚಾಯಿತಿ ಮಾಡುವವನ ಹಾಗಿದೆ ಎಂದು ಇನ್ಯಾರೋ ಗಂಟುಮೋರೆ ಹಾಕಿದರು. 'ಗೃಹ ಸಲಹೆಗಾರರ ಸಂಘ' ಆಯಿತು. ಒಂದರ ಮೇಲೊಂದು ಬಣ್ಣ ಬಳಿದೂ ಬಳಿದೂ ಆ ಹಲಗೆ ಈಗ ರೊಟ್ಟಿಯಷ್ಟು ದಪ್ಪವಾಗಿದೆ. ಊರಿನವರು ಮಾತ್ರ ಮೊದಲಿಂದಲೂ ನಮ್ಮನ್ನು ಬ್ರೋಕರು ಅನ್ನುತ್ತಾರೆ, ಮುಂದೆಯೂ ಅದನ್ನೇ ಅನ್ನುತ್ತಾರೆ.

ಇರಲಿ. ಹಬ್ಬ ಮುಗಿದರೂ ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ, ಇತಿಹಾಸ ಕೇಳಿದ್ದಾರೆ, ಬರೆಯುತ್ತೇನೆ. ಎರಡು ಪುಟಕ್ಕೆ ಮುಗಿಯದಿದ್ದರೆ ನನ್ನನ್ನು ಕೇಳಬೇಡಿ.

ನಮ್ಮೂರಿನಲ್ಲಿ ಖಾಲಿ ಮನೆಗೆ ಕಿವಿ ಇರುತ್ತದೆ. ಇದು ಇಲ್ಲಿಯವರಿಗೆಲ್ಲ ಗೊತ್ತು, ಹೊಸದಾಗಿ ಬಂದವರಿಗೆ ಮಾತ್ರ ಹೇಳಬೇಕಾಗುತ್ತದೆ. ಒಂದು ಸಂಸಾರ ಸಾಮಾನು ಹೇರಿಕೊಂಡು ಹೊರಟ ಗಳಿಗೆಯಿಂದ ಇನ್ನೊಂದು ಸಂಸಾರ ಬಂದು ಒಲೆ ಹಚ್ಚಿ ಹಾಲುಕ್ಕಿಸುವವರೆಗೆ ಮನೆ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಕೇಳಿಸಿಕೊಂಡದ್ದನ್ನು ಮನಸ್ಸಿಗೆ ಹಚ್ಚಿಕೊಂಡು ಹಾಗೆಯೇ ನಡೆದುಕೊಳ್ಳುತ್ತದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತೋ, ಕಿವಿ ಮುಚ್ಚಿತು. ಆಮೇಲೆ ನೀವು ಒಳಗೆ ಕೂತು ಎಷ್ಟು ಬೇಕಾದರೂ ಕಿತ್ತಾಡಿ, ಮನೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಆದ್ದರಿಂದ ಇಲ್ಲಿ ಮನೆ ನೋಡಲು ಹೋಗುವವರು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾರೆ. ಮಕ್ಕಳಿಗೆ ಹಲ್ಲಿಗಂಟುವಂಥ ಬೆಲ್ಲದ ಮಿಠಾಯಿ ಕೊಟ್ಟಿರುತ್ತಾರೆ. ಅತ್ತೆ ಸೊಸೆಯರು ಕಣ್ಣಲ್ಲೇ ಅಡುಗೆಮನೆ ಅಳೆದು, ಕಣ್ಣಲ್ಲೇ ಜಗಳವಾಡಿ, ಬೀದಿಗೆ ಬಂದ ಮೇಲೆ ಉಗಿದು ಬಾಯಿ ಬಿಡುತ್ತಾರೆ. ಇನ್ನು ನಮ್ಮ ಕಥೆ ಕೇಳಬೇಕೆ? ಬಾಯಿಂದ ಬದುಕುವ ಕಸುಬು, ಬಾಯಿ ಬಿಟ್ಟರೆ ಕೆಟ್ಟಿತು. ಎಷ್ಟು ಹುಷಾರಾಗಿದ್ದರೂ ನಮ್ಮವರು ಒಂದಲ್ಲ ಒಂದು ಮಾತು ಜಾರಿಸದೆ ಬಂದವರಲ್ಲ. ಒಬ್ಬರು ಗಿರಾಕಿಯ ಮುಂದೆ ಉತ್ಸಾಹ ತಡೆಯಲಾರದೆ "ಗಾಳಿ ಬೆಳಕು ಬೇಕಾದಷ್ಟಿದೆ" ಅಂದರು, ಮಾರನೆಯ ದಿನ ಆ ಮನೆಗೆ ಹೆಂಚೇ ಇರಲಿಲ್ಲ. ಇನ್ನೊಬ್ಬರು ಕೋಣೆಯಲ್ಲಿ ಮಂಚ ಹಿಡಿಸುವುದಿಲ್ಲ ಎಂದು ಕೊರಗುತ್ತಿದ್ದವರಿಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಮನೆ ಅದು ತನಗೇ ಹೇಳಿದ್ದು ಅಂದುಕೊಂಡಿತು. ಬಸ್ಸಿನ ಸೀಟಿನಲ್ಲಿ ಪಕ್ಕದವರಿಗೆ ಜಾಗ ಬಿಡುವ ಹಾಗೆ ಮೆಲ್ಲಗೆ ಸರಿದು ಹೋಗಿ ಪಕ್ಕದ ಮನೆಯವರ ಬಚ್ಚಲನ್ನು ಒತ್ತರಿಸಿಕೊಂಡು ಕೂತಿತು. ಆ ವ್ಯಾಜ್ಯ ಇನ್ನೂ ನಡೆಯುತ್ತಿದೆ.

ಸಂಘ ಹುಟ್ಟಿದ್ದು ದಾಸಪ್ಪನವರಿಂದ. ಅವರು ನಮ್ಮ ಮೊದಲ ಅಧ್ಯಕ್ಷರು, ಈಗಿಲ್ಲ. ಮನೆ ತೋರಿಸುವವರಿಗೆಲ್ಲ ಒಂದು ಚಟವಿದೆ, ಸುಳ್ಳೇಕೆ ಹೇಳಲಿ. ಮಧ್ಯಾಹ್ನದ ಹೊತ್ತು ಕೈಯಲ್ಲಿ ಖಾಲಿ ಮನೆಯ ಬೀಗದ ಕೈ ಇದ್ದರೆ, ಒಳಗೆ ಹೋಗಿ ತಣ್ಣನೆಯ ನೆಲದ ಮೇಲೆ ಒಂದು ನಿದ್ದೆ ತೆಗೆಯುವುದು. ದಾಸಪ್ಪನವರೂ ಹಿಟ್ಟಿನ ಗಿರಣಿಯ ಬೀದಿಯಲ್ಲಿ ಒಂದು ಮನೆ ಹೊಕ್ಕು ಉಂಡ ಹೊಟ್ಟೆಯಲ್ಲಿ ಮಲಗಿದರು. ಬೀದಿಯಲ್ಲಿ ಹೋಗುತ್ತಿದ್ದ ಅವರ ಭಾವಮೈದ ಕಿಟಕಿಯ ಹತ್ತಿರ ಚಪ್ಪಲಿ ನೋಡಿ, "ಭಾವಾ, ಎಲ್ಲಿದೀರಾ?" ಎಂದು ಕೂಗಿದ. ಅರೆನಿದ್ದೆಯ ದಾಸಪ್ಪನವರು ಮಗ್ಗುಲು ಬದಲಿಸಿ, "ನಮ್ಮನೇಲೇ ಇದೀನಿ, ಬಾರೋ," ಅಂದುಬಿಟ್ಟರು.

ಅಷ್ಟೇ. ಮನೆ ಅವರದಾಯಿತು. ಅಸಲಿ ಯಜಮಾನರು ಬಂದು ಬೀಗದ ಕೈ ತಿರುಗಿಸಿದರೆ ತಿರುಗದು, ಭುಜ ಕೊಟ್ಟು ನೂಕಿದರೆ ಅಲುಗದು. ದಾಸಪ್ಪನವರು ಕಿರುಬೆರಳು ತಾಗಿಸಿದರೆ ಸಾಕು, ಹಸುವಿನ ಕರುವಿನಂತೆ ಬಾಗಿಲು ಓಡಿ ಬರುತ್ತಿತ್ತು. ಯಜಮಾನರು ದಾಸಪ್ಪನವರ ಕೊರಳಪಟ್ಟಿ ಹಿಡಿದರು. ಕೊನೆಗೆ ಬೇರೆ ದಾರಿಯಿಲ್ಲದೆ ದಾಸಪ್ಪನವರೇ ಅದನ್ನು ಕೊಂಡುಕೊಳ್ಳಬೇಕಾಯಿತು. ಕೊಂಡು ಹೆಂಡತಿಯ ಹತ್ತಿರ ಹೋಗಿ, ಬಾರೇ, ಹಾಲುಕ್ಕಿಸು ಎಂದರೆ ಆಕೆ, "ಕಟ್ಕೊಂಡೋಳು ಇಲ್ಲಿರುವಾಗ ಅಲ್ಲೆಲ್ಲೋ ಮಲಗಿ ನಮ್ಮನೆ ಅಂದೋರಲ್ವಾ ನೀವು? ಇನ್ಯಾರನ್ನಾದ್ರೂ ಕರ್ಕೊಂಡು ಹೋಗಿ ಉಕ್ಕಿಸ್ಕೊಳ್ಳಿ," ಅಂದರು. ಸುತರಾಂ ಹೊಸ್ತಿಲು ತುಳಿಯಲಿಲ್ಲ. ಹೀಗೆ ಯಾರಿಗೂ ಬೇಡವಾದ ಆ ಮನೆಯಲ್ಲಿ ಊರಿನ ಬ್ರೋಕರುಗಳನ್ನೆಲ್ಲ ಸೇರಿಸಿ, ನನ್ನ ಗತಿ ನಿಮಗೆ ಬರಬಾರದಪ್ಪಾ ಎಂದು ದಾಸಪ್ಪನವರು ಸಂಘ ಕಟ್ಟಿದರು. ಸಾಯುವಾಗ ಕಟ್ಟಡವನ್ನೂ ಸಂಘಕ್ಕೇ ಬಿಟ್ಟರು. ಅವರ ಕಣ್ಣು ಮುಚ್ಚುತ್ತಲೇ ಬಾಗಿಲ ಹಟವೂ ಇಳಿಯಿತು, ಯಾರು ನೂಕಿದರೂ ತೆರೆಯತೊಡಗಿತು.

ನಮ್ಮ ಮೊದಲನೆಯ ನಿಯಮ ಆಗ ಬಂದದ್ದು. ಸಂಘದ ಯಾವ ಸದಸ್ಯನೂ ಖಾಲಿ ಮನೆಯೊಳಗೆ 'ನಮ್ಮನೆ' ಎಂಬ ಶಬ್ದ ಆಡತಕ್ಕದ್ದಲ್ಲ. ಆಡಿದವರನ್ನು ಕಸುಬಿನಿಂದಲೇ ಹೊರಗೆ ಹಾಕುವುದು. ಕೇಳುವುದಕ್ಕೆ ಸುಲಭ. ಆದರೆ ನಿದ್ದೆಗಣ್ಣಿನಲ್ಲಿ ಬಾಯಿಗೆ ಬರುವ ಮಾತನ್ನು ತಡೆಯುವುದು ಹೇಗೆ? ಎಚ್ಚರದಲ್ಲೂ ಆಡದೆ ಇದ್ದರೆ ತಾನೆ ನಿದ್ದೆಯಲ್ಲಿ ಬರದು? ಆದ್ದರಿಂದ ನಮ್ಮವರು ಆ ಶಬ್ದವನ್ನೇ ಬಿಟ್ಟರು. ಉಪಾಧ್ಯಕ್ಷರಾದ ಇಮಾಮ್ ಸಾಬರು ಹಬ್ಬಕ್ಕೆ ಕರೆಯುವಾಗ, "ನಾವು ಮಲಗೋ ಕಡೆ ಊಟಕ್ಕೆ ಬನ್ನಿ" ಅನ್ನುತ್ತಾರೆ. ಖಜಾಂಚಿ ಶೆಟ್ಟರು ಸ್ವಂತ ಮಗಳ ಮದುವೆಯ ಮಾತುಕತೆಯಲ್ಲಿ "ನಮ್ಮ ಕಡೆ ಗಾರೆ ನೆಲ ಇರೋ ಆ ಕಟ್ಟಡದಲ್ಲಿ" ಎಂದು ತಡವರಿಸಿದ್ದಕ್ಕೆ ಬೀಗರಾಗುವವರು ಇವರಿಗೆ ಮನೆಯೇ ಇಲ್ಲವೇನೋ ಎಂದು ಎದ್ದು ಹೋಗಿದ್ದರು.

ನನಗೆ ಈ ನಿಯಮ ಕಷ್ಟವಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮ ಸೋಮಶೇಖರನ ಮನೆಯ ಮಹಡಿ ಕೋಣೆಯಲ್ಲಿದ್ದೆ. ತಮ್ಮನ ಮನೆ ಎಂದೇ ಹೇಳುತ್ತಿದ್ದೆ, ಅದು ನಿಜವೂ ಆಗಿತ್ತು. ಊರಿನಲ್ಲಿ ಎಷ್ಟು ಸಂಸಾರಗಳಿಗೆ ಮನೆ ಹುಡುಕಿಕೊಟ್ಟೆನೋ, ಅವರೆಲ್ಲ ಹಾಲುಕ್ಕಿಸುವಾಗ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಉಕ್ಕುತ್ತಿದ್ದ ಹಾಗೆ ಹೆಂಗಸರ ಮುಖ ಸಡಿಲವಾಗುತ್ತದೆ. ಅದನ್ನು ನೋಡುವುದು ನನಗೆ ಇಷ್ಟ. ನೋಡಿ, ಒಂದು ಲೋಟ ಹಾಲು ಕುಡಿದು, ಮಹಡಿ ಹತ್ತಿ ಬರುತ್ತಿದ್ದೆ.

ಈಗ ಸಂಘದ ಕಟ್ಟಡಕ್ಕೆ ಬರೋಣ. ಅಲ್ಲ, ನೀವೇ ಹೇಳಿ, ಊರಿಗೆಲ್ಲ ಹಾಲುಕ್ಕಿಸಿ, ಹಾಲುಕ್ಕಿಸದೆ ಮಾತಾಡಬೇಡಿ ಎಂದು ಬುದ್ಧಿ ಹೇಳುವವರು ನಾವು. ನಮ್ಮ ಕಟ್ಟಡದಲ್ಲಿ ಹಾಲುಕ್ಕಿಸಿದೆವೆ? ಇಲ್ಲ! ಏಕೆಂದರೆ ಯಾರ ಕೈಯಲ್ಲಿ ಉಕ್ಕಿಸುವುದು ಎಂಬುದೇ ತೀರ್ಮಾನವಾಗಲಿಲ್ಲ. ಅಧ್ಯಕ್ಷರ ಕೈಯಲ್ಲಿ ಎಂದು ಪಂಚಾಕ್ಷರಯ್ಯನವರು. "ನಿಮ್ಮ ಕೈಯಲ್ಲಿ ಉಕ್ಕಿಸಿದ್ರೆ ನಾಳೆ ಕಟ್ಟಡ ನಂದೇ ಅಂತೀರಿ," ಎಂದು ಶೆಟ್ಟರು. ಎಲ್ಲರೂ ಸೇರಿ ಒಂದೇ ಪಾತ್ರೆ ಹಿಡಿಯೋಣ ಎಂದು ಇಮಾಮ್ ಸಾಬರು. ಹಿಡಿದರೆ ಪಾತ್ರೆಯ ಬಾಯಿ ಯಾರ ಕಡೆ ಇರಬೇಕು ಎಂದು ಅದಕ್ಕೊಂದು ಜಗಳ. ಅದೂ ಅಲ್ಲದೆ ಉಕ್ಕಿಸಿದವರು ಅಲ್ಲೇ ಅಡುಗೆ ಮಾಡಿ ಉಂಡು ಮಲಗಿ ಬಾಳಬೇಕು, ಸುಮ್ಮನೆ ಉಕ್ಕಿಸಿ ಎದ್ದು ಹೋದರೆ ಮನೆ ಒಪ್ಪುವುದಿಲ್ಲ. ಇವರೆಲ್ಲರಿಗೂ ಅಪ್ಪನ ಕಾಲದ ಮನೆಗಳಿವೆ, ಸಂಘದ ಕಟ್ಟಡಕ್ಕೆ ಬಂದು ಬಾಳುವವರು ಯಾರು? "ಮುಂದಿನ ಸಭೆಗೆ ಇಟ್ಕೊಳ್ಳೋಣ," ಎಂದು ಪ್ರತಿ ಸಭೆಯಲ್ಲೂ ಮುಂದೆ ಹಾಕಿದರು. ಪ್ರತಿ ಸಭೆಯಲ್ಲೂ ಕಟ್ಟಡ ಕೂತು ಕೇಳಿಸಿಕೊಂಡಿತು.

ಏನು ಕೇಳಿಸಿಕೊಂಡಿತು? ಸಿಟ್ಟು ನೆತ್ತಿಗೇರಿದರೆ ಪಂಚಾಕ್ಷರಯ್ಯನವರ ಬಾಯಲ್ಲಿ ಒಂದೇ ಮಾತು: "ಬಾಗಿಲು ಅಲ್ಲಿದೆ, ನಡೀರಿ!" ಸಿಟ್ಟಿನಲ್ಲಿ ಕೈ ಯಾವ ಕಡೆ ಹೋಗುತ್ತದೆ ಎಂಬ ಗ್ಯಾನವೂ ಅವರಿಗಿರುವುದಿಲ್ಲ. ಮೊದಲ ಸಲ ಅವರು ಶೆಟ್ಟರಿಗೆ ಹಾಗಂದಾಗ ಬೆರಳು ಹೋದದ್ದು ದಾಸಪ್ಪನವರ ಫೋಟೊ ಹಾಕಿದ್ದ ಗೋಡೆಯ ಕಡೆಗೆ. ಫೋಟೊ ಸ್ವಲ್ಪ ಅಲುಗಿತು. ನೋಡುತ್ತಿದ್ದ ಹಾಗೆ ಅದರ ಕೆಳಗೆ ಚೌಕಟ್ಟು, ಹೊಸ್ತಿಲು, ಚಿಲಕ ಎಲ್ಲ ಮೂಡಿ ಅಚ್ಚುಕಟ್ಟಾದ ಒಂದು ಬಾಗಿಲು ನಿಂತಿತು, ಶೆಟ್ಟರ ಮೈಗೆ ತಕ್ಕಂತೆ ಗಿಡ್ಡಕ್ಕೆ, ಅಗಲಕ್ಕೆ. ಶೆಟ್ಟರು ಅದರಲ್ಲೇ ಹೊರಟು ಹೋದರು. ಮುಂದಿನ ಸಭೆಗೆ ಹಳೆಯ ಬಾಗಿಲಿನಿಂದಲೇ ವಾಪಸು ಬಂದರು, ಬೇರೆಲ್ಲಿಗೆ ಹೋಗುತ್ತಾರೆ? ಆಮೇಲೆ ಇಮಾಮ್ ಸಾಬರಿಗೊಂದು ಬಾಗಿಲು, ಸಪೂರ, ಉದ್ದಕ್ಕೆ. ಆಮೇಲೆ ಪ್ರತಿಯೊಬ್ಬ ಸದಸ್ಯನಿಗೂ ಅವನವನ ಅಳತೆಯದು. ಕೆಲವರಿಗೆ ಎರಡೆರಡು. ಯಾರನ್ನು ಹೊರಗೆ ಕಳಿಸಬೇಕೋ ಅವರ ಅಳತೆಗೆ ಸರಿಯಾಗಿ ಬಾಗಿಲು ತೆಗೆದುಕೊಟ್ಟಿತು ಕಟ್ಟಡ, ಪಾಪ, ಹೇಳಿದ ಮಾತು ಕೇಳುವ ಮಗುವಿನ ಹಾಗೆ.

ಬೆಳ್ಳಿಹಬ್ಬದ ಹೊತ್ತಿಗೆ ಅಲ್ಲಿ ಮೂಲೆಯ ಒಂದು ತುಂಡು ಬಿಟ್ಟರೆ ಗೋಡೆ ಎಂಬುದು ಹುಡುಕಿದರೂ ಸಿಗುತ್ತಿರಲಿಲ್ಲ. ದಾಸಪ್ಪನವರ ಫೋಟೊ ಬೆಂಚಿನ ಮೇಲೆ ಮಲಗಿತ್ತು. ಗಿರಣಿಯ ಹಿಟ್ಟಿನ ದೂಳು ಒಂದು ಬಾಗಿಲಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು, ಮೇಕೆಗಳೂ ಹಾಗೆಯೇ. ಯಾವ ಚಿಲಕವೂ ನಿಲ್ಲುತ್ತಿರಲಿಲ್ಲ. ಮಾಳಿಗೆ ಬರೀ ಚೌಕಟ್ಟುಗಳ ಮೇಲೆ ಕೂತಿತ್ತು. ಗುಡಿಸುವವಳು ನಾನು ತಾನೆ? ಒಂದು ಮೂಲೆಯಿಂದ ಗುಡಿಸಿಕೊಂಡು ಬರುವ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಮತ್ತೆ ಬೀದಿಯೇ ಒಳಗೆ ಬಂದಿರುತ್ತಿತ್ತು. ನನಗೆ ತಲೆ ಚಿಟ್ಟು ಹಿಡಿದು ಹೋಗಿತ್ತು.

ಈ ಬೆಳ್ಳಿಹಬ್ಬದ ಗಡಿಬಿಡಿಯ ನಡುವೆಯೇ ತಮ್ಮನ ಹೆಂಡತಿ ಶಶಿಕಲಾ ಒಂದು ಬೆಳಗ್ಗೆ ಅಳತೆಯ ಟೇಪು ಹಿಡಿದುಕೊಂಡು ಮಹಡಿ ಹತ್ತಿ ಬಂದಳು. ಅವಳ ಮಗನ ಮದುವೆ ಗೊತ್ತಾಗಿತ್ತು. ಗೋಡೆಯಿಂದ ಗೋಡೆಗೆ ಟೇಪು ಹಿಡಿದು, ನನ್ನ ಮುಖ ನೋಡದೆ, "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಜೋಡಿ ಮಂಚ ಬರುತ್ತೆ. ಹುಡುಗ ಹುಡುಗಿಗೆ ಇರೋದು ಇದೊಂದೇ ಕೋಣೆ," ಅಂದಳು.

"ತಪ್ಪೇನು ಬಂತು, ಮದುವೆ ಮನೆ," ಅಂದೆ.

"ನೀವು ಹಜಾರದಲ್ಲಿ ಮಲಗ್ಬಹುದು. ಇಲ್ಲಾಂದ್ರೆ... ನಿಮಗೇನು ಅತ್ತಿಗೆ, ಊರಲ್ಲಿರೋ ಮನೆಯೆಲ್ಲಾ ನಿಮ್ಮ ಕೈಯಲ್ಲೇ ಇದಾವೆ."

ಅವಳು ಕೆಟ್ಟವಳಲ್ಲ. ಆದರೆ ಆ ಮಾತು ಕೇಳಿ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಊರಲ್ಲಿ ಯಾರಿಗೆ ಬೇಕಾದರೂ ಬಾಡಿಗೆಗೆ ಮನೆ ಸಿಗುತ್ತದೆ, ಬ್ರೋಕರಿಗೆ ಮಾತ್ರ ಸಿಗುವುದಿಲ್ಲ. ಎಲ್ಲ ದಾಸಪ್ಪನವರ ಪುಣ್ಯ! ಬ್ರೋಕರುಗಳು ಒಳಗೆ ಕಾಲಿಟ್ಟ ಕೂಡಲೇ ಬೇಕೆಂದೇ 'ನಮ್ಮನೆ' ಎಂದು ಮನೆ ನುಂಗಿಬಿಟ್ಟರೆ ಎಂಬ ಭಯ ಎಲ್ಲ ಯಜಮಾನರಿಗೂ ಇದೆ. ನಾನೇ ಮನೆ ಕೊಡಿಸಿದವರ ಬಾಗಿಲಿಗೆಲ್ಲ ಹೋಗಿ ಕೇಳಿದೆ. ಕಾಫಿ ಕೊಟ್ಟರು, ಕುಂಕುಮ ಕೊಟ್ಟರು, "ನಿಮಗೆ ಇಲ್ಲ ಅನ್ನೋಕಾಗುತ್ತಾ ವನಮಾಲಮ್ಮ, ಆದ್ರೆ ನಮ್ಮ ಯಜಮಾನ್ರು ಒಪ್ಪಲ್ಲ," ಅಂದರು. ಮದುವೆ ಹತ್ತಿರ ಬಂತು. ಈ ವಯಸ್ಸಿನಲ್ಲಿ ತಮ್ಮನ ಹಜಾರದಲ್ಲಿ, ಬಂದು ಹೋಗುವವರ ಕಾಲ ಬುಡದಲ್ಲಿ, ಹಾಸಿಗೆ ಸುತ್ತಿಟ್ಟುಕೊಂಡು ಕೂರುವುದು ನನ್ನಿಂದ ಆಗದು ಅನ್ನಿಸಿತು.

ಆಗ ಹೊಳೆಯಿತು, ಸಂಘದ ಕಟ್ಟಡದಲ್ಲಿ ಹಿಂದುಗಡೆ ಒಂದು ಕೋಣೆ ಇದೆಯಲ್ಲ. ಬಾಡಿಗೆ ಕೊಡುತ್ತೇನೆ, ಒಲೆ ಹಚ್ಚುತ್ತೇನೆ, ಹಾಲುಕ್ಕಿಸುತ್ತೇನೆ. ಅವರಿಗೂ ಹಾಲಿನ ಜಗಳ ತಪ್ಪಿತು, ಕಟ್ಟಡಕ್ಕೂ ಕಿವಿ ಮುಚ್ಚಿತು. ಇಷ್ಟು ಸರಳವಾದದ್ದನ್ನು ಯಾರು ಬೇಡ ಅನ್ನುತ್ತಾರೆ? ಎಂಥ ಹುಚ್ಚಿ ನಾನು! ಈ ಸಂಘವನ್ನು ಇಷ್ಟು ವರ್ಷ ನೋಡಿಯೂ ಹಾಗೆ ಅಂದುಕೊಂಡೆನಲ್ಲ.

ಸಭೆಯಲ್ಲಿ ಮೊದಲು ಪಂಚಾಕ್ಷರಯ್ಯನವರು ಎದ್ದರು. ಬೆಳ್ಳಿಹಬ್ಬಕ್ಕೆ ಅಧ್ಯಕ್ಷರ ಫೋಟೊ ಹಾಕಲು ಒಂದು ಗೋಡೆಯೂ ಇಲ್ಲದ್ದು ಊರಿನ ಮುಂದೆ ನಾಚಿಕೆಗೇಡು, ಆದ್ದರಿಂದ ಹಬ್ಬ ಮುಗಿದ ಮೇಲೆ ಕಟ್ಟಡ ಕೆಡವಿ ಹೊಸದು ಕಟ್ಟುವುದು ಅಂದರು. ಎಲ್ಲರೂ ತಲೆಯಾಡಿಸಿದರು. ಕೆಡವಿದರೆ ನನ್ನ ಕೋಣೆಯೂ ಹೋಯಿತು. ಎದ್ದು ನಿಂತು ನನ್ನ ವಿಷಯ ಹೇಳಿದೆ.

ಕೂಡಲೇ ಶೆಟ್ಟರು, "ಕಾರ್ಯದರ್ಶಿಗೆ ಕೊಟ್ರೆ ಖಜಾಂಚಿಗ್ಯಾಕಿಲ್ಲ ಅಂತ ಕೇಳ್ತಾರೆ," ಅಂದರು.

"ಯಾರು ಕೇಳ್ತಾರೆ ಶೆಟ್ರೇ? ಖಜಾಂಚಿ ನೀವೇ ಅಲ್ವಾ?" ಅಂದರು ಇಮಾಮ್ ಸಾಬರು.

"ನಾನೇ ಕೇಳ್ತೀನಿ!"

ಪಂಚಾಕ್ಷರಯ್ಯನವರು ನಕ್ಕರು. "ಏನ್ ವನಮಾಲಮ್ಮ, ಊರಿಗೆಲ್ಲಾ ಮನೆ ಹುಡುಕ್ಕೊಡೋರು ನಿಮಗೊಂದು ಹುಡುಕ್ಕೊಳ್ಳೋಕಾಗ್ಲಿಲ್ವಾ?"

ನನಗೆ ರೇಗಿ ಹೋಯಿತು. "ಆಗ್ಲಿಲ್ಲ ಸಾರ್. ನಿಮ್ಮಂಥೋರ ಜೊತೆ ಸೇರಿದ್ದಕ್ಕೇ ಆಗ್ಲಿಲ್ಲ. ಒಂದು ಪಾತ್ರೆ ಹಾಲುಕ್ಕಿಸೋ ಯೋಗ್ಯತೆ ಇಲ್ಲ ನಿಮಗ್ಯಾರಿಗೂ. ಈ ಕಟ್ಟಡ ಕೆಟ್ಟಿದ್ದು ನಿಮ್ಮ ಬಾಯಿಂದ, ಈಗ ಅದನ್ನೇ ಕೆಡವ್ತೀನಿ ಅಂತೀರಲ್ಲ, ಮೊದಲು ನಿಮ್ಮ ಬಾಯಿ ಕೆಡವ್ಕೊಳ್ಳಿ!"

ಅವರ ಮುಖ ಕೆಂಪಾಯಿತು. ಕೈ ಎತ್ತಿದರು. ನನಗೆ ಎಂದೂ ಅವರು ಆ ಮಾತು ಅಂದಿರಲಿಲ್ಲ. ಹೆಂಗಸು, ಗುಡಿಸುವವಳು ಎಂಬ ದಾಕ್ಷಿಣ್ಯಕ್ಕೋ ಏನೋ. ಅಂದು ಅಂದರು. "ಬಾಗಿಲು ಅಲ್ಲಿದೆ ವನಮಾಲಮ್ಮ. ನಡೀರಿ."

ನನ್ನ ಬೆನ್ನ ಹಿಂದೆ ತಣ್ಣಗೆ ಗಾಳಿ ಬಂತು. ತಿರುಗಿ ನೋಡಿದರೆ, ಉಳಿದಿದ್ದ ಕಡೆಯ ತುಂಡು ಗೋಡೆಯಲ್ಲಿ ಒಂದು ಬಾಗಿಲು. ನಾನು ಐದಡಿಗೂ ಕಡಿಮೆ, ಅದೂ ನನ್ನಷ್ಟೇ. ತೇಗದ ಬಣ್ಣದ ಪುಟ್ಟ ಬಾಗಿಲು, ಹೊಸ್ತಿಲ ಮೇಲೆ ಎರಡೆಳೆ ಹೂಬಳ್ಳಿಯ ಕೆತ್ತನೆ ಬೇರೆ. ಅಷ್ಟು ಚೆಂದದ ಬಾಗಿಲನ್ನು ಆ ಕಟ್ಟಡ ಬೇರೆ ಯಾರಿಗೂ ಮಾಡಿಕೊಟ್ಟಿರಲಿಲ್ಲ. ನಾನು ಅದರಲ್ಲಿ ಹೊರಗೆ ಹೋದೆ. ಗಿರಣಿಯ ಹಿಂದೆ ನಿಂತು ಅತ್ತುಬಿಟ್ಟೆ. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ಇಮಾಮ್ ಸಾಬರು ಮಾತ್ರ ಹಿಂದೆಯೇ ಬಂದರು. ಬಗ್ಗಿ ನನ್ನ ಬಾಗಿಲಿಂದಲೇ ಬಂದರು. ತಿರುಗಿ ಅದರ ಚೌಕಟ್ಟು ತಡವಿ, "ಬಾಗಿಲು ಚೆನ್ನಾಗಿದೆಯಮ್ಮ," ಅಂದರು.

"ಹೊರಗೆ ಹಾಕೋ ಬಾಗಿಲು ಚೆನ್ನಾಗಿದ್ರೆಷ್ಟು, ಬಿಟ್ರೆಷ್ಟು ಸಾಬ್ರೇ?"

"ನಾನೂ ಇಷ್ಟು ವರ್ಷ ಬಾಗಿಲು ತೋರಿಸ್ತಾನೇ ಬಂದೋನು," ಅಂದರು ಅವರು, ಟವೆಲಿನಲ್ಲಿ ಹಿಟ್ಟಿನ ದೂಳು ಒರೆಸಿಕೊಳ್ಳುತ್ತ. "ಹೊರಗೆ ಹಾಕೋ ಬಾಗಿಲು ಅಂತ ಬೇರೆ ಇರೋದನ್ನ ನಾನೆಲ್ಲೂ ನೋಡ್ಲಿಲ್ಲ."

ಚಪ್ಪರದ ದಿನ ಬೆಳಗ್ಗೆ ತಮ್ಮನ ಮನೆಗೆ ಮಂಚ ಬಂತು. ಮೆಟ್ಟಿಲಲ್ಲಿ ಅದು ಹತ್ತುತ್ತಿರಲು ನಾನು ಪಕ್ಕಕ್ಕೆ ಒತ್ತಿಕೊಂಡು ಇಳಿದೆ. ಟ್ರಂಕು ಆಮೇಲೆ ತರಿಸಿಕೊಳ್ಳುತ್ತೇನೆ ಅಂದೆ. ಕೈಯಲ್ಲಿ ಒಂದು ಸೀಮೆಎಣ್ಣೆ ಸ್ಟೌ, ಅಮ್ಮನ ಹಿತ್ತಾಳೆಯ ಪಾತ್ರೆ, ಹಾಲು. "ಎಲ್ಲಿಗೆ ಅಕ್ಕಾ?" ಅಂದ ಸೋಮಶೇಖರ. "ಇಲ್ಲೇ," ಅಂದೆ. ಮದುವೆ ಮನೆಯಲ್ಲಿ ಅಷ್ಟಕ್ಕಿಂತ ಹೆಚ್ಚು ಕೇಳುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಕಟ್ಟಡದ ಹತ್ತಿರ ಹೋಗಿ ನಿಂತೆ. ಅಷ್ಟು ಬಾಗಿಲುಗಳಲ್ಲಿ ಯಾವುದರಿಂದ ಬೇಕಾದರೂ ಹೋಗಬಹುದಿತ್ತು. ನನಗೆ ತೋರಿಸಿದ ಬಾಗಿಲಿಂದಲೇ ಒಳಗೆ ಹೋದೆ. ತಲೆ ಬಗ್ಗಿಸಬೇಕಾಗಲಿಲ್ಲ. ಒಳಗೆ ಒಂದು ಮೇಕೆ ದಾಸಪ್ಪನವರ ಫೋಟೊದ ಹಾರವನ್ನು ಮೆಲ್ಲುತ್ತಿತ್ತು, ಅದನ್ನು ಅಟ್ಟಿದೆ. ಸ್ಟೌ ಇಟ್ಟೆ. ಬಾಯಿ ತೆರೆದೆ.

ಬರಲಿಲ್ಲ. ಒಂದು ಮಾತು, ಊರಿನಲ್ಲಿ ಸಣ್ಣ ಮಕ್ಕಳೂ ದಿನಕ್ಕೆಷ್ಟೋ ಸಲ ಆಡುವ ಮಾತು, ನಾಲಿಗೆಯ ಮೇಲೆ ಹೊರಳಲಿಲ್ಲ. ಅಷ್ಟು ವರ್ಷ ಕಚ್ಚಿ ಹಿಡಿದಿದ್ದೆ ನೋಡಿ. ಆಡಿದರೆ ಕಸುಬು ಹೋಯಿತು. ಆಡದಿದ್ದರೆ ಹಜಾರ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಥೂ, ನಿನ್ನ ಬಾಯಿಗಿಷ್ಟು! ಎಂದು ಮನಸ್ಸಿನಲ್ಲೇ ಬೈದುಕೊಂಡು, ಉಗುಳು ನುಂಗಿ, ಗೋಡೆಯಿಲ್ಲದ ಆ ಕೋಣೆಯ ನಡುವೆ ನಿಂತು, "ನಮ್ಮನೆ," ಅಂದೆ. ದನಿ ಕೀರಲಾಗಿ ಬಂತು. ಸರಿಹೋಗಲಿಲ್ಲವೇನೋ ಎಂದು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, "ಇದು ನಮ್ಮನೆ."

ಸುತ್ತಲೂ ಚಿಲಕಗಳು ಒಂದರ ಹಿಂದೆ ಒಂದು ಬಿದ್ದವು. ಪಟಪಟ ಬಡಿದುಕೊಳ್ಳುತ್ತಿದ್ದ ಬಾಗಿಲುಗಳೆಲ್ಲ ಚೌಕಟ್ಟಿಗೆ ಕಚ್ಚಿಕೊಂಡವು. ಹಿಟ್ಟಿನ ದೂಳು ನಿಂತಿತು. ಆ ಕಟ್ಟಡದಲ್ಲಿ ಮೊದಲ ಸಲ ನಾಲ್ಕು ಕಡೆಯಿಂದಲೂ ನಿಶ್ಶಬ್ದ ಕೇಳಿಸಿತು.

ಹಾಲು ಇಟ್ಟೆ. ಅದಕ್ಕೇನು ಅವಸರ! ಕಾಯುತ್ತದೆ ಕಾಯುತ್ತದೆ, ಕೆನೆ ಕಟ್ಟುತ್ತದೆ, ಉಕ್ಕುವುದಿಲ್ಲ. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತೆ. ಕಿವಿ ಇನ್ನೂ ತೆರೆದಿದೆ, ಏನು ಬೇಕಾದರೂ ಹೇಳಬಹುದಿತ್ತು. ಪಂಚಾಕ್ಷರಯ್ಯನವರ ಹೆಸರು ಹಿಡಿದು ಹೇಳಬೇಕಾದ್ದು ಬಾಯಿ ತುಂಬ ಇತ್ತು, ಅಷ್ಟೂ ನಿಜವಾಗುತ್ತಿತ್ತು. ಆದರೆ ಚೌಕಟ್ಟುಗಳ ಮೇಲೆ ಹೇಗೋ ತಡೆದುಕೊಂಡು ನಿಂತಿರುವ ಮಾಳಿಗೆಯನ್ನು ನೋಡಿದರೆ, ಅದಕ್ಕೆ ಇನ್ನೂ ಒಂದು ಬೈಗುಳ ಕೇಳಿಸಲು ಮನಸ್ಸು ಬರಲಿಲ್ಲ. "ಕೇಳೀ ಕೇಳೀ ನಿಂಗೂ ಸಾಕಾಗಿರ್ಬೇಕು ಕಣೇ," ಅಂದೆ. ಅದೇ ಅದು ಕೇಳಿಸಿಕೊಂಡ ಕಡೆಯ ಮಾತು. ಹಾಲು ಸೊಂಯ್ ಎಂದು ಮೇಲೆದ್ದು ಸುತ್ತಲೂ ಚೆಲ್ಲಿತು. ನನ್ನ ಮುಖವೂ ಸಡಿಲವಾಯಿತೋ ಏನೋ, ನೋಡುವುದಕ್ಕೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಬೆಳ್ಳಿಹಬ್ಬವೂ ಅಂದೇ ಬಿದ್ದಿತ್ತು, ಮಧ್ಯಾಹ್ನ ಸಂಘದವರೆಲ್ಲ ಸಭೆಗೆ ಬಂದರು. ಪಂಚಾಕ್ಷರಯ್ಯನವರು ಮುಂದಿನ ಬಾಗಿಲು ನೂಕಿದರು. ತೆರೆಯಲಿಲ್ಲ. ಶೆಟ್ಟರ ಬಾಗಿಲು ನೂಕಿದರು. ತೆರೆಯಲಿಲ್ಲ. ಕಟ್ಟಡದ ಸುತ್ತ ತಿರುಗುತ್ತ ಒಂದೊಂದನ್ನೂ ನೂಕುವುದು, ಗುದ್ದುವುದು, ಒಳಗೆ ಕೂತ ನನಗೆ ಕೇಳಿಸುತ್ತಿತ್ತು. ನಾನು ಕಾಫಿಗೆ ನೀರಿಟ್ಟೆ.

"ಯಾರ್ರೀ ಅದು ಒಳಗೆ?"

"ನಾನು ಸಾರ್, ವನಮಾಲಾ."

"ಬಾಗಿಲು ತೆಗೀರಿ!"

"ನಿಮ್ಮ ಕೈಗೆ ಅದು ತೆಗೆಯಲ್ಲ ಸಾರ್. ಬೆಳಗ್ಗೆ ಹಾಲುಕ್ಕಿಸಿದೆ."

ಈಗ ಪಂಚಾಕ್ಷರಯ್ಯನವರ ದನಿ ಮೊದಲಿನಷ್ಟು ಎತ್ತರವಿರಲಿಲ್ಲ. "ಆ ಮಾತು ಆಡಿದ್ರಾ?"

"ಆಡಿದೆ."

"ಮೊದಲನೇ ನಿಯಮ ವನಮಾಲಮ್ಮ! ಕಸುಬಿಂದ ಹೊರಗೆ ಹಾಕ್ತೀವಿ. ಇದು ಸಂಘದ ಆಸ್ತಿ!"

"ಆಸ್ತಿ ಸಂಘದ್ದೇ ಸಾರ್, ಯಾರು ಇಲ್ಲ ಅಂದ್ರು? ಬಾಡಿಗೆ ಕೊಡ್ತೀನಿ. ಕಸುಬಿಂದ ಹಾಕೋದಾದ್ರೆ ಹಾಕಿ, ಆದ್ರೆ ಹಾಕೋಕೆ ಸಭೆ ಸೇರ್ಬೇಕಲ್ಲ. ಸಭೆ ಇಲ್ಲೇ ಸೇರಿ. ಬಾಗಿಲೆಲ್ಲಾ ಗಟ್ಟಿ ಮುಚ್ಕೊಂಡಿದಾವೆ, ಅವುಗಳ ಮೇಲೆ ಫೋಟೊನೂ ಹಾಕ್ಬಹುದು."

"ಕೆಡವ್ತೀವಿ ಅಂತ ತೀರ್ಮಾನ ಆಗಿದೆ," ಅಂದರು ಶೆಟ್ಟರು.

"ಒಲೆ ಉರೀತಿರೋ ಮನೆ ಕೆಡವೋಕೆ ನಮ್ಮೂರಲ್ಲಿ ಯಾವ ಗಾರೆಯವನು ಹಾರೆ ಎತ್ತುತ್ತಾನೆ ಶೆಟ್ರೇ?" ಇದು ಇಮಾಮ್ ಸಾಬರ ದನಿ. ಅವರು ನಗುತ್ತಿದ್ದರು. "ಒಳಗಿಂದ ಕಾಫಿ ವಾಸನೆ ಬರ್ತಿದೆ. ಎಲ್ಲಿಂದಮ್ಮ ಬರೋದು ನಾವು?"

"ನಾನು ಬಂದಿದ್ದು ಒಂದೇ ಬಾಗಿಲಿಂದ ಸಾಬ್ರೇ. ತೆಗೆಯೋದೂ ಅದೊಂದೇ. ಅಧ್ಯಕ್ಷರಿಗೆ ಗೊತ್ತು, ಅವರೇ ನನಗೆ ತೋರಿಸಿದ್ದು."

ನಾನು ಹೋಗಿ ಕೈ ತಾಗಿಸಿದೆ. ಪುಟ್ಟ ಬಾಗಿಲು ಹಗುರಾಗಿ ತೆರೆದುಕೊಂಡಿತು. ಹೊರಗೆ ಸಂಘಕ್ಕೆ ಸಂಘವೇ ಬಿಸಿಲಲ್ಲಿ ನಿಂತಿತ್ತು, ಇಸ್ತ್ರಿ ಮಾಡಿದ ಬಟ್ಟೆ, ಎದೆಗೆ ಬೆಳ್ಳಿಹಬ್ಬದ ಬ್ಯಾಡ್ಜು. ಚಪ್ಪಲಿ ಹೊರಗೆ ಬಿಡಿ ಅಂದೆ. ಇಷ್ಟು ವರ್ಷ ಮೆಟ್ಟಿಕೊಂಡೇ ಒಳಗೆ ಓಡಾಡಿದವರು, ಸುಮ್ಮನೆ ಬಿಟ್ಟರು. ಇಮಾಮ್ ಸಾಬರು ಸೊಂಟ ಬಗ್ಗಿಸಿ ಮೊದಲು ಬಂದರು. ಶೆಟ್ಟರು ಅಡ್ಡಡ್ಡ ತಿರುಗಿ, ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಎರಡು ಕಂತಿನಲ್ಲಿ ಒಳಗೆ ತಂದರು. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಕೊನೆಗೆ ಹೊರಗೆ ಉಳಿದವರು ಪಂಚಾಕ್ಷರಯ್ಯನವರು ಒಬ್ಬರೇ.

ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಹೊಸ್ತಿಲ ಹೂಬಳ್ಳಿಯನ್ನು ನೋಡಿದರು. ಅವರ ಎದೆಯ ಮಟ್ಟಕ್ಕೆ ಬಾಗಿಲ ಮೇಲುಪಟ್ಟಿ. ಒಂದು ಸಲ ಬಗ್ಗಲು ನೋಡಿದರು, ಟೋಪಿ ತಾಗಿತು. ನೆಟ್ಟಗೆ ನಿಂತರು. ಅವರ ಕೈ ಎತ್ತರಕ್ಕೆ ಹೋಯಿತು, ಹಳೆಯ ಮಾತು ಬಾಯಿಯ ತುದಿಗೆ ಬಂದಿರಬೇಕು. ಯಾರಿಗೆ ಯಾವ ಬಾಗಿಲು ತೋರಿಸುವುದು ಎಂದು ಅವರಿಗೇ ತಿಳಿಯಲಿಲ್ಲ.

"ನಮ್ಮನೆ ಬಾಗಿಲು ಗಿಡ್ಡ ಸಾರ್," ಅಂದೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಮನೆ ಎಳ್ಳಷ್ಟೂ ಅಲುಗಲಿಲ್ಲ. ಪಂಚಾಕ್ಷರಯ್ಯನವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.